ಬೇಡ ಮೊದಲು, ಮಾತು ಆಮೇಲೆ

ಅಪ್ಪ ಅಮ್ಮ ಅವನಿಗೆ ಇಟ್ಟ ಹೆಸರು ಚೆನ್ನಾಗಿಯೇ ಇತ್ತು. ಆದರೆ ಅಗ್ನಿಶಾಮಕ ಠಾಣೆಯಲ್ಲಿ ಬೆಳಿಗ್ಗೆ ಹಾಜರಿ ಕರೆಯುವ ಗುಮಾಸ್ತನನ್ನು ಬಿಟ್ಟರೆ ಆ ಹೆಸರು ಇನ್ಯಾರ ಬಾಯಲ್ಲೂ ಉಳಿದಿರಲಿಲ್ಲ. ಠಾಣೆಯವರಿಗೆ, ಸುತ್ತಲ ಬೀದಿಯವರಿಗೆ, ಕೊನೆಗೆ ಕಟ್ಟಿಕೊಂಡ ಹೆಂಡತಿಗೂ ಅವನು ಬೇಡಪ್ಪ.

ಹೆಸರು ಬಂದದ್ದು ಅವನ ಮಾತಿನಿಂದಲೇ. ಬೇಡ ಅನ್ನುವುದನ್ನು ಎಲ್ಲರೂ ಕೊನೆಯಲ್ಲಿ ಅನ್ನುತ್ತಾರೆ, ಅವನು ಮೊದಲೇ ಅಂದುಬಿಡುತ್ತಿದ್ದ. ಮುಟ್ಟಬೇಡ ಅನ್ನುವವನಲ್ಲ. "ಬೇಡ! ಮುಟ್ಟೋದು ಬೇಡ!" ಮನೆಯಲ್ಲೂ ಅದೇ ರೂಢಿ. ಒಂದು ಸಲ ಹೆಂಡತಿಯ ತಂಗಿ ಫೋನ್ ಮಾಡಿ, "ಭಾವ, ಭಾನುವಾರ ನಾವೆಲ್ಲ ನಿಮ್ಮನೆಗೆ ಬರ್ತೀವಿ" ಅಂದಳು. ಇವನು, "ಬೇಡ... ಬಸ್ಸಲ್ಲಿ ಬರೋದು ಬೇಡ, ನಾನೇ ಬಂದು ಕರ್ಕೊಂಡು ಬರ್ತೀನಿ" ಅಂತ ಮುಗಿಸುವ ಹೊತ್ತಿಗೆ ಆ ಕಡೆ ಫೋನ್ ಇಟ್ಟಾಗಿತ್ತು. ಆರು ತಿಂಗಳು ಅಕ್ಕತಂಗಿಯರಿಗೆ ಮಾತಿಲ್ಲ. ಹೆಂಡತಿ ಹಣೆ ಚಚ್ಚಿಕೊಂಡು, "ನಿಮ್ಮ ಬಾಯಿಗೆ ಬೆಂಕಿ ಬಿದ್ರೆ ಆರಿಸೋಕೂ ಯಾರೂ ಬರಲ್ಲ ನೋಡ್ರಿ" ಅಂದಳು.

ನಗುವವರು ನಗಲಿ. ಆ ಬೇಡ ಹುಟ್ಟಿದ ಜಾಗದಲ್ಲಿ ನಗು ಇರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಅವನೂ ನಮ್ಮ ನಿಮ್ಮ ಹಾಗೆಯೇ ಮಾತಾಡುತ್ತಿದ್ದ. ಅವನ ಜೊತೆಗೇ ಕೆಲಸಕ್ಕೆ ಸೇರಿದ ಗೆಳೆಯನೊಬ್ಬನಿದ್ದ. ಒಂದೇ ಬೆಂಚಿನಲ್ಲಿ ಬೂಟು ತೊಟ್ಟವರು, ಒಂದೇ ಪೈಪನ್ನು ಹೆಗಲ ಮೇಲೆ ಹೊತ್ತವರು. ಬಾವಿಗೆ ಬಿದ್ದ ಕರು ಎತ್ತಲಿಕ್ಕೆ ಒಬ್ಬ ಹಗ್ಗ ಹಿಡಿದರೆ ಇನ್ನೊಬ್ಬ ಇಳಿಯುತ್ತಿದ್ದ. ಒಂದು ದಿನ ಬಣ್ಣದ ಗೋದಾಮಿಗೆ ಬೆಂಕಿ ಬಿತ್ತು. ಗೆಳೆಯ ಬಾಗಿಲ ಮುಂದೆ, ಇವನು ಹತ್ತಾರು ಮಾರು ಹಿಂದೆ.

ಬೆಂಕಿಯಲ್ಲಿ ಒಂದು ಹೊತ್ತು ಇದೆ. ಠಾಣೆಯವರು ಅದಕ್ಕೆ "ಕೋಣೆ ಉಸಿರು ಹಿಡಿದಿದೆ" ಅನ್ನುತ್ತಾರೆ. ಮುಚ್ಚಿದ ಕೋಣೆಯೊಳಗೆ ಉರಿದು ಉರಿದು ಗಾಳಿಯೆಲ್ಲ ಮುಗಿದು, ಬೆಂಕಿ ಮಂಕಾಗಿ ಕೂತಿರುತ್ತದೆ. ಸತ್ತಿರುವುದಿಲ್ಲ, ಹೊಂಚು ಹಾಕಿರುತ್ತದೆ. ಬಾಗಿಲ ಸಂದಿಯಲ್ಲಿ ಹೊಗೆ ಒಂದಿಷ್ಟು ಹೊರಗೆ ಬರುತ್ತದೆ, ಮತ್ತೆ ಒಳಗೇ ಸೇದಿಕೊಳ್ಳುತ್ತದೆ, ನಿದ್ದೆ ಮಾಡುವವರ ಉಸಿರಿನ ಹಾಗೆ. ಆಗ ಬಾಗಿಲು ತೆಗೆದವನ ಗತಿ ಮುಗಿಯಿತು. ಹೊರಗಿನ ಗಾಳಿಯನ್ನೆಲ್ಲ ಒಂದೇ ಗುಟುಕಿಗೆ ಕುಡಿದು ಕೋಣೆಗೆ ಕೋಣೆಯೇ ಸಿಡಿದು ಮುಖಕ್ಕೆ ಬರುತ್ತದೆ.

ಇವನು ಆ ಉಸಿರನ್ನು ನೋಡಿದ. ಕೂಗಿದ, "ತೆಗೀಬೇಡ!" ಗೆಳೆಯ ತೆಗೆದ.

ಜೀವ ಉಳಿಯಿತು. ಎಡಗಡೆಯ ಕಿವಿ ಹೋಯಿತು, ಅರ್ಧ ಮುಖ ಸುಟ್ಟ ಕಾಗದದ ಹಾಗೆ ಮುದುರಿತು. ಆಸ್ಪತ್ರೆಯಲ್ಲಿ ಮುಖದ ಪಟ್ಟಿ ಬಿಚ್ಚಿದ ದಿನ ಅವನು ಆಡಿದ ಮೊದಲ ಮಾತು: "ನೀನೇ ಅಲ್ವೇನೋ ತೆಗಿ ಅಂದಿದ್ದು?"

"ತೆಗೀಬೇಡ ಅಂದೆ ಕಣೋ! ನನ್ನ ತಾಯಾಣೆಗೂ ಬೇಡ ಅಂದೆ!"

ಗೆಳೆಯ ಸೂರು ನೋಡುತ್ತ, "ಆಯ್ತು ಬಿಡು" ಅಂದ.

ಆ "ಆಯ್ತು ಬಿಡು" ಇದೆಯಲ್ಲ, ಕಪಾಳಕ್ಕೆ ಹೊಡೆದಿದ್ದರೆ ವಾಸಿಯಾಗುತ್ತಿತ್ತು. ನಂಬಿದೆ ಅಂತಲೂ ಅಲ್ಲ, ನಂಬಲಿಲ್ಲ ಅಂತಲೂ ಅಲ್ಲ. ಮೀನಿನ ಮುಳ್ಳು ಗಂಟಲಲ್ಲಿ ಕೂತ ಹಾಗೆ, ಇಪ್ಪತ್ತೆರಡು ವರ್ಷ ಅಲ್ಲೇ ಕೂತಿತ್ತು.

ರಾತ್ರಿ ಹಗಲು ಯೋಚನೆ ಮಾಡಿ ಮಾಡಿ ಬೇಡಪ್ಪ ಒಂದು ವಿಷಯ ಕಂಡುಕೊಂಡ. ನಮ್ಮ ಮಾತಿನಲ್ಲಿ ಬೇಡ ಅನ್ನುವುದು ಬಾಲದಲ್ಲಿರುತ್ತದೆ. ಹೋಗಬೇಡ, ಏರಬೇಡ, ತೆಗೀಬೇಡ. ಅಡುಗೆಮನೆಯಲ್ಲಿ ಕೂತು ಆಡಿದರೆ ತೊಂದರೆಯಿಲ್ಲ. ಪಂಪಿನ ಅಬ್ಬರ, ಗಾಜು ಸಿಡಿಯುವ ಸದ್ದು, ಜನರ ಗೋಳಾಟದ ನಡುವೆ ಕೂಗಿದರೆ ಮಾತಿನ ತಲೆ ಮಾತ್ರ ತಲುಪುತ್ತದೆ, ಬಾಲ ದಾರಿಯಲ್ಲೇ ಉದುರಿಹೋಗುತ್ತದೆ. ತೆಗೀಬೇಡ ಅಂದದ್ದು ತೆಗಿ ಆಗುತ್ತದೆ. ಅವತ್ತಿನಿಂದ ಅವನು ಬೇಡವನ್ನು ಬಾಲದಿಂದ ಕಿತ್ತು ತಲೆಗೆ ತಂದಿಟ್ಟ. ಠಾಣೆಯ ಅಧಿಕಾರಿ ಮೊದಲು ನಕ್ಕರು, ಆಮೇಲೆ ಕಪ್ಪು ಹಲಗೆಯ ಮೇಲೆ ತಾವೇ ಬರೆಸಿದರು: ಬೇಡ ಮೊದಲು, ಮಾತು ಆಮೇಲೆ. ಬೇಡ ಕಿವಿಗೆ ಬಿದ್ದರೆ ಕೈ ತೆಗೆ, ಬಗ್ಗು, ಹಿಂದೆ ಸರಿ. ಯಾಕೆ ಅಂತ ಆಮೇಲೆ ಕೇಳು.

ಗೆಳೆಯ ಕೆಲಸ ಬಿಟ್ಟು ಠಾಣೆಯ ಎದುರಿಗೇ ಕುಕ್ಕರ್, ಸ್ಟೌ ರಿಪೇರಿ ಅಂಗಡಿ ಹಾಕಿದ. ಬೀದಿಯವರು ಅವನನ್ನು ಕುಕ್ಕರಣ್ಣ ಅಂದರು. ದಿನಾ ಸಂಜೆ ಇಬ್ಬರೂ ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಕುಕ್ಕರಣ್ಣ ಯಾವತ್ತೂ ಬೆಂಚಿನ ಬಲತುದಿಯಲ್ಲೇ ಕೂರುತ್ತಿದ್ದ, ಇಲ್ಲದ ಕಿವಿ ಬೇಡಪ್ಪನ ಕಡೆಗೆ ಬರುವ ಹಾಗೆ. "ಗಿರಾಕಿಗಳು ಬರೋದು ಆ ಕಡೆಯಿಂದ, ಅವರಿಗೆ ಒಳ್ಳೆ ಮುಖ ಕಾಣ್ಲಿ ಅಂತ" ಅನ್ನುತ್ತಿದ್ದ. ಇರಬಹುದು. ಆದರೆ ಬೇಡಪ್ಪನಿಗೆ ಪ್ರತಿ ಸಂಜೆಯೂ ಅನ್ನಿಸುತ್ತಿತ್ತು, ಇವನು ನನ್ನ ಮಾತು ಕೇಳಬಾರದು ಅಂತಲೇ ಹೀಗೆ ಕೂರುತ್ತಾನೆ.

ಕುಕ್ಕರಣ್ಣನಿಗೆ ಒಬ್ಬಳೇ ಮಗಳು. ಅಪ್ಪನ ಮುಖ ಸುಟ್ಟಾಗ ಎರಡು ವರ್ಷದ ಕೂಸು. ಅಂಗಡಿ ಬಿಟ್ಟರೆ ಠಾಣೆ, ಠಾಣೆ ಬಿಟ್ಟರೆ ಅಂಗಡಿ ಅಂತ ಬೆಳೆದವಳು. ದೊಡ್ಡವಳಾಗಿ, ಬೇರೆ ಕೆಲಸವೇ ಇಲ್ಲವೇನೋ ಅನ್ನುವ ಹಾಗೆ, ಪರೀಕ್ಷೆ ಬರೆದು, ಓಡಿ, ಹಗ್ಗ ಹತ್ತಿ ಅದೇ ಠಾಣೆಗೆ ಬಂದು ನಿಂತಳು. ಅಪ್ಪ ಮೂರು ದಿನ ಉಣ್ಣಲಿಲ್ಲ. ನಾಲ್ಕನೆಯ ದಿನ ರಸ್ತೆ ದಾಟಿ ಬಂದು ಬೇಡಪ್ಪನ ಮುಂದೆ ನಿಂತ.

"ನನ್ನ ಅರ್ಧ ಮುಖ ನಿಮ್ಮ ಠಾಣೆಗೆ ಕೊಟ್ಟಾಗಿದೆ. ಇವಳನ್ನ ಇಡಿಯಾಗಿ ವಾಪಸ್ ಕೊಡು. ಅಷ್ಟೇ ನಾನು ಕೇಳೋದು."

ಬೇಡಪ್ಪ ತಲೆ ಅಲ್ಲಾಡಿಸಿದ. ಆ ದಿನದಿಂದ ಗಂಟೆ ಹೊಡೆದಾಗಲೆಲ್ಲ ಅವನ ಕಣ್ಣು ಮೊದಲು ಹುಡುಕುತ್ತಿದ್ದದ್ದು ಅವಳ ಹೆಲ್ಮೆಟ್ಟನ್ನು. ಮನೆಯಲ್ಲಿ ಅವಳು "ಮಾಮ" ಅನ್ನುವಳು, ಡ್ಯೂಟಿಯಲ್ಲಿ "ಸಾರ್". ಅವನು ಎರಡು ಕಡೆಯೂ ಬೈಯುವನು.

ಗುರುವಾರಗಳಲ್ಲಿ ಠಾಣೆಯವರು ಬೀದಿಗೆ ಇಳಿದು ಪಾಠ ಹೇಳುತ್ತಿದ್ದರು. ಶಾಲೆ, ಚಿತ್ರಮಂದಿರ, ಅಂಗಡಿಸಾಲು. ಆ ವರ್ಷ ಹಾಸಿಗೆ ಹೊಲಿಯುವ ಕಾರ್ಖಾನೆಗೂ ಹೋದರು. ಇಪ್ಪತ್ತೆರಡು ಹೆಂಗಸರು ಸಾಲಾಗಿ ಮಿಷನ್ ತುಳಿಯುವ ಜಾಗ. ಮಹಡಿಯಲ್ಲಿ ಫೋಮ್ ಹಾಳೆ, ಅಂಟಿನ ಡಬ್ಬ ಒಟ್ಟಿದ ಕೋಣೆ. ಬೇಡಪ್ಪ ಹಿಂಬಾಗಿಲ ಬೀಗ ತೆಗೆಸಿದ, ಹೊಗೆಯಲ್ಲಿ ಅಂಬೆಗಾಲಿಕ್ಕುವುದನ್ನು ತಾನೇ ನೆಲದ ಮೇಲೆ ಮಾಡಿ ತೋರಿಸಿದ, ಕೊನೆಗೆ ತನ್ನ ಬೇಡದ ಪಾಠ ಹೇಳಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅವರನ್ನೆಲ್ಲ ಆಳುವ ಸೂಪರ್‌ವೈಸರಮ್ಮ, ಕಂಚಿನ ಕಂಠದವಳು, "ಸಾರ್, ನನ್ನ ಗಂಡಂಗೂ ಇದೇ ಕಾಯಿಲೆ. ನಾನು ಬಾಯಿ ತೆಗೆಯೋಕೆ ಮುಂಚೆನೇ ಬೇಡ ಅಂತಾನೆ" ಅಂದಳು. ಇಡೀ ಕಾರ್ಖಾನೆ ಗೊಳ್ಳೆಂದಿತು. ಅವನು ಬೀದಿಯಲ್ಲಿ ಹೋದರೆ ಸಾಕು, ಕಿಟಕಿಯಿಂದ "ಬೇಡಪ್ಪಾ, ಟೀ ಬೇಕಾ?" ಅಂತ ಕೂಗುವುದು ಅಲ್ಲಿಂದ ಶುರುವಾಯಿತು.

ಎರಡು ತಿಂಗಳಾಗಿರಬೇಕು. ಒಂದು ಮಂಗಳವಾರ, ಮಧ್ಯಾಹ್ನ ಮೂರೂಕಾಲು. ಗಂಟೆ ಹೊಡೆಯಿತು. ಹಾಸಿಗೆ ಕಾರ್ಖಾನೆ.

ಬೀದಿ ತಿರುಗುವಾಗಲೇ ವಾಸನೆ ಬಂತು. ಮರ ಉರಿದ ವಾಸನೆಯಲ್ಲ, ಮೂಗಿನೊಳಗೆ ಅಂಟಿಕೊಳ್ಳುವ ಫೋಮಿನ ವಾಸನೆ. ಹೆಂಗಸರೆಲ್ಲ ಎದುರಿನ ಗೋಡೆಗೆ ಒರಗಿ ನಿಂತಿದ್ದರು, ಕೆಲವರ ಕೈಯಲ್ಲಿ ಇನ್ನೂ ಕತ್ತರಿ.

"ಎಲ್ಲರೂ ಬಂದ್ರಾ?" ಅಂದ ಬೇಡಪ್ಪ.

"ನಾವೆಲ್ಲ ಬಂದ್ವಿ ಸಾರ್, ಹಿಂಬಾಗಿಲಿಂದಲೇ ಬಂದ್ವಿ. ಕಟಿಂಗ್ ಮಾಸ್ಟರ್ ಮಾತ್ರ ಕಾಣ್ತಿಲ್ಲ." ಸೂಪರ್‌ವೈಸರಮ್ಮ ಮಹಡಿಯ ಕಡೆ ಕೈ ತೋರಿಸಿದಳು. "ಊಟ ಆದ್ಮೇಲೆ ದಿನಾ ಮೇಲಿನ ಕೋಣೇಲಿ ಫೋಮ್ ಮೇಲೆ ಅಡ್ಡಾಗ್ತಾರೆ."

ಮೇಲಕ್ಕೆ ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಮೆಟ್ಟಿಲು ಮುಗಿದರೆ ಕಂಬಿ ಹಾಕಿದ ಉದ್ದ ಕಾರಿಡಾರು, ಅದರ ತುದಿಗೆ ಆ ಕೋಣೆ. ಬೇಡಪ್ಪ ಇಬ್ಬರನ್ನು ಕಳಿಸಿದ. ಮುಂದೆ ಕುಕ್ಕರಣ್ಣನ ಮಗಳು, ಹಿಂದೆ ಪೈಪು ಹಿಡಿದು ಉದ್ದಣ್ಣ ಅಂತ ಕರೆಯುವ ಎತ್ತರದ ಆಳು. ಬೇರೆಯವರನ್ನು ಕಳಿಸಬಹುದಿತ್ತಲ್ಲ ಅಂದರೆ, ಕಿರಿದಾದ ಜಾಗಕ್ಕೆ ನುಗ್ಗುವುದರಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ. ಗೆಳೆಯನ ಮಗಳು ಅಂತ ಹಿಂದೆ ಇಟ್ಟುಕೊಂಡರೆ ಒಳಗಿರುವವನೂ ಯಾರದೋ ಮಗ.

"ಬಾಗಿಲಿಗೆ ಮೊದಲು ಕೈಯ ಹಿಂಭಾಗ ಮುಟ್ಟಿಸಿ ನೋಡು. ನನಗೆ ಹೇಳು. ಆಮೇಲೆ ಮುಂದಿನದು."

"ಆಯ್ತು ಸಾರ್." ಮಾಸ್ಕ್ ಏರಿಸಿಕೊಂಡು ಓಡಿದಳು.

ಹೊಗೆ ಕಾರಿಡಾರನ್ನು ಒಮ್ಮೆ ನುಂಗುವುದು, ಒಮ್ಮೆ ಉಗುಳುವುದು. ಉಗುಳಿದಾಗ ಅವಳ ಹಳದಿ ಹೆಲ್ಮೆಟ್ ಕಾಣುವುದು. ಮೂರು ಹೆಜ್ಜೆ. ಮತ್ತೆ ಇಲ್ಲ. ಮತ್ತೆ ಬಾಗಿಲ ಹತ್ತಿರ. ಉದ್ದಣ್ಣನ ಪೈಪು ಮೆಟ್ಟಿಲ ತಿರುವಿನಲ್ಲಿ ಕಂಬಿಗೆ ಸಿಕ್ಕಿಕೊಂಡು ಅವನು ಅಲ್ಲೇ ಎಳೆದಾಡುತ್ತಿದ್ದ. ಅವಳು ಒಬ್ಬಳೇ ಆಗಿದ್ದಳು.

ಅಷ್ಟರಲ್ಲಿ ಗಾಳಿ ಬೀಸಿ ಹೊಗೆ ಸರಿಯಿತು. ಬೇಡಪ್ಪ ಕಿಟಕಿ ನೋಡಿದ. ಗಾಜು ಡಾಂಬರು ಬಳಿದ ಹಾಗೆ ಕಪ್ಪು, ಮೇಲಿಂದ ಕೆಳಗೆ ಎಣ್ಣೆ ಇಳಿದ ಹಾಗೆ ಗೆರೆ. ಒಳಗೆ ಉರಿಯೇ ಕಾಣದು. ಬಾಗಿಲ ಕೆಳಸಂದಿಯಿಂದ ಹಳದಿಗಪ್ಪು ಹೊಗೆ ಒಂದು ಗೇಣು ಹೊರಗೆ ಬಂತು, ನಿಂತಿತು, ಮತ್ತೆ ಒಳಗೆ ಹೋಯಿತು.

ಕೋಣೆ ಉಸಿರು ಹಿಡಿದಿತ್ತು.

ಅವಳಿಗೆ ಅದು ಕಾಣುತ್ತಿರಲಿಲ್ಲ. ಅವಳಿಗೆ ಒಳಗಿನಿಂದ ಧಡ್, ಧಡ್ ಅಂತ ಸದ್ದು ಕೇಳುತ್ತಿತ್ತು. ಅಂಟಿನ ಡಬ್ಬಗಳು ಉಬ್ಬಿ ಮುಚ್ಚಳ ಬಡಿಯುತ್ತಿದ್ದವು. ಅವಳು ತಿಳಿದುಕೊಂಡದ್ದು ಕಟಿಂಗ್ ಮಾಸ್ಟರ್ ಬಾಗಿಲು ಬಡಿಯುತ್ತಿದ್ದಾನೆ ಅಂತ. ಕೈಯ ಹಿಂಭಾಗ ಮುಟ್ಟಿಸುವುದು ಮರೆಯಿತು. ಒಳಗೆ ಜೀವ ಬಡಿಯುತ್ತಿದೆ ಅಂದರೆ ಯಾರಿಗೆ ತಾನೇ ಪಾಠ ನೆನಪಿರುತ್ತದೆ?

ಬೇಡಪ್ಪ ವಾಕಿಟಾಕಿ ಒತ್ತಿದ. ಅದರಲ್ಲಿ ಎರಡನೆಯ ಗಾಡಿಯ ಡ್ರೈವರ್ ಕೂತುಬಿಟ್ಟಿದ್ದ. "ಎಡಕ್ಕಾ ಬಲಕ್ಕಾ? ಇಲ್ಲೊಂದು ಲಾರಿ ಅಡ್ಡ ನಿಲ್ಸವ್ನೆ, ಎಡಕ್ಕಾ ಬಲಕ್ಕಾ?" ಒಬ್ಬ ಮಾತಾಡುವಾಗ ಇನ್ನೊಬ್ಬನ ಮಾತು ಹೋಗದ ಯಂತ್ರ ಅದು. ಬೇಡಪ್ಪ ಅದನ್ನು ಬಿಸಾಕಿ ಎರಡೂ ಕೈ ಬಾಯಿಗಿಟ್ಟು ಎದೆ ಹರಿಯುವ ಹಾಗೆ ಕೂಗಿದ.

"ತೆಗೀಬೇಡ! ತೆಗೀಬೇಡ ಮಗಳೇ!"

ಕೂಗಿದ ಮೇಲೆ ಅವನಿಗೆ ತನ್ನ ಮಾತು ತನಗೇ ಕೇಳಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಪ್ಪತ್ತೆರಡು ವರ್ಷ ಹೆಂಡತಿಯನ್ನು, ನೆಂಟರನ್ನು, ಶಾಲೆ ಮಕ್ಕಳನ್ನು ಕಾಡಿಸಿ ಕಲಿಸಿದ್ದೆಲ್ಲ ಭಯದ ಒಂದು ಏಟಿಗೆ ಉದುರಿಹೋಗಿ, ನಾಲಗೆ ತಾಯಿ ಕಲಿಸಿದ ದಾರಿಯನ್ನೇ ಹಿಡಿದಿತ್ತು. ಅದೇ ಮಾತು. ಅದೇ ಬಾಲ.

ಮೇಲೆ ಅವಳು ತಿರುಗಿ ನೋಡಿದಳು. ಆಯ್ತು ಅನ್ನುವ ಹಾಗೆ ಹೆಬ್ಬೆರಳು ಎತ್ತಿ ತೋರಿಸಿದಳು. ಮತ್ತೆ ಬಾಗಿಲಿಗೆ ತಿರುಗಿ ಚಿಲಕ ಹಿಡಿದಳು.

ಅವನು ಇನ್ನೊಮ್ಮೆ ಕೂಗಲು ಬಾಯಿ ತೆರೆದ. ಹೊಗೆ ಕುಡಿದ ಗಂಟಲಿನಿಂದ ಬರೀ ಗಾಳಿ ಬಂತು. ಕಾಲು ಮೆಟ್ಟಿಲ ಕಡೆ ಓಡಿತು, ಆದರೆ ಮೆಟ್ಟಿಲು ಅಂಗಳದ ಆ ತುದಿಗೆ. ತುಕ್ಕು ಹಿಡಿದ ಚಿಲಕ ಒಂದೇ ಏಟಿಗೆ ಬರಲಿಲ್ಲ. ಅವಳು ಮೈಭಾರ ಹಾಕಿ ಎಳೆದಳು. ಅರ್ಧ ಬಂತು.

ಸರಿಯಾಗಿ ಆಗಲೇ ಬೀದಿಯ ಕಡೆ ಹೆಂಗಸರ ಗುಂಪು ಸೀಳಿಕೊಂಡು ಒಬ್ಬ ಓಡಿಬಂದ. ಕೊರಳಿಗೆ ಬಿಳಿ ಬಟ್ಟೆ, ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ಸೋಪಿನ ನೊರೆ. ಕಟಿಂಗ್ ಮಾಸ್ಟರ್! ಅವತ್ತೊಂದು ದಿನ ಅಡ್ಡಾಗುವುದು ಬಿಟ್ಟು ಕ್ಷೌರದಂಗಡಿಗೆ ಹೋಗಿದ್ದ ಪುಣ್ಯಾತ್ಮ. ಅವನನ್ನು ಕಂಡದ್ದೇ ತಡ, ಇಪ್ಪತ್ತೆರಡು ಹೆಂಗಸರೂ ಅಂಗಳದಲ್ಲಿ ಓಡುತ್ತಿದ್ದ ಮನುಷ್ಯನನ್ನು ಒಟ್ಟಿಗೇ ಕರೆದರು. ಸೂಪರ್‌ವೈಸರಮ್ಮನ ಕಂಚಿನ ಕಂಠ ಎಲ್ಲಕ್ಕಿಂತ ಮೇಲೆ.

"ಬೇಡಪ್ಪಾ! ಬೇಡಪ್ಪಾ! ಇಲ್ಲೇ ಅವ್ರೆ, ಸಿಕ್ಕಿದ್ರು! ಬೇಡಪ್ಪಾ!"

ದಿನವಿಡೀ ಮಿಷನ್ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲುಗಳು. ಪಂಪಿನ ಅಬ್ಬರವನ್ನು ಸೂಜಿಯ ಹಾಗೆ ಚುಚ್ಚಿ ಮೇಲೆ ಹೋಯಿತು. ಬಾಲದಲ್ಲಿದ್ದ ಅಪ್ಪ ದಾರಿಯಲ್ಲಿ ಉದುರಿತು. ಅವಳಿಗೆ ಕೇಳಿದ್ದು ತಲೆ ಮಾತ್ರ: ಬೇಡ. ಬೇಡ. ಬೇಡ.

ಅವಳ ಕೈ ಚಿಲಕದಿಂದ ಬಿಸಿ ಬಾಣಲೆ ಮುಟ್ಟಿದವರ ಹಾಗೆ ಹಾರಿತು. ಯಾಕೆ ಅಂತ ಕೇಳಲಿಲ್ಲ. ಬಗ್ಗಿದಳು, ಹಿಂದೆ ಸರಿದಳು, ಕಾರಿಡಾರಿನ ಉದ್ದಕ್ಕೂ ಗೋಡೆ ಸವರಿಕೊಂಡು ಬಂದು ಉದ್ದಣ್ಣನ ಮೇಲೆ ಬಿದ್ದಳು. ಇಬ್ಬರೂ ಉರುಳಿಕೊಂಡೇ ಮೆಟ್ಟಿಲ ತಿರುವು ಇಳಿದರು. ಬೇಡಪ್ಪ ಕೆಳಗಿನ ಮೆಟ್ಟಿಲಲ್ಲಿ ಅವಳ ಕಾಲರ್ ಹಿಡಿದು ಎಳೆದುಕೊಂಡ ಹೊತ್ತಿಗೆ ಮೇಲೆ ಕಿಟಕಿಯ ಗಾಜು ತಾನೇ ಸಿಡಿಯಿತು. ಕೋಣೆ ಒಂದು ಸಲ ಆಳವಾಗಿ ಒಳಗೆಳೆದುಕೊಂಡಿತು. ಆಮೇಲೆ ಬಿಟ್ಟಿತು. ಬಾಗಿಲು ಚೌಕಟ್ಟಿನ ಸಮೇತ ಹಾರಿ, ಕಂಬಿ ಮುರಿದುಕೊಂಡು, ಉರಿಯುತ್ತ ಅಂಗಳಕ್ಕೆ ಬಿತ್ತು.

ಕಟಿಂಗ್ ಮಾಸ್ಟರ್ ನೊರೆಯ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನಿಂತಲ್ಲೇ ಕೂತುಬಿಟ್ಟ.

ಬೆಂಕಿ ಆರಿಸಿ ಮುಗಿಯುವಾಗ ಆರು ಗಂಟೆ. ಪೈಪು ಸುತ್ತುವಾಗ ಬೇಡಪ್ಪ ಹುಡುಗಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಬಾಗಿಲು ಮುಟ್ಟಿ ನೋಡ್ದೆ ಚಿಲಕಕ್ಕೆ ಕೈ ಹಾಕಿದ್ಯಲ್ಲ, ಅದಕ್ಕೆ ನಾಳೆ ನಿನಗೆ ಇದೆ. ಇವತ್ತು ನನ್ನದು ಹೇಳ್ಬೇಕು. ನಾನು ತಪ್ಪು ಕೂಗ್ದೆ. ಬೇಡನ ಬಾಲಕ್ಕೆ ಹಾಕ್ದೆ. ಅಧಿಕಾರಿಗಳಿಗೂ ಬರೆದುಕೊಡ್ತೀನಿ."

ಅವಳು ಪೈಪಿನ ನೀರು ಹಿಂಡುತ್ತ, "ಮತ್ತೆ ಆಮೇಲೆ ಬೇಡ ಬೇಡ ಅಂದ್ರಲ್ಲ?" ಅಂದಳು.

"ಅದು ನಾನಲ್ಲಮ್ಮ. ಅದು ನನ್ನ ಹೆಸರು."

ಠಾಣೆಗೆ ಬಂದಾಗ ಕುಕ್ಕರಣ್ಣ ಅಂಗಡಿ ತೆರೆದಿಟ್ಟೇ ರಸ್ತೆ ದಾಟಿ ಬಂದಿದ್ದ. ಸುದ್ದಿಗೆ ಕಾಲಿರುತ್ತದಲ್ಲ. ಮಗಳ ತಲೆ, ಕಿವಿ, ಕೈ ಎಲ್ಲ ಮುಟ್ಟಿ ನೋಡಿದ, ಎರಡೂ ಕಿವಿಯನ್ನು ಎರಡು ಸಲ. ಹಿಂದೆಯೇ ಸೂಪರ್‌ವೈಸರಮ್ಮ ಒಂದು ಹೆಲ್ಮೆಟ್ ಹಿಡಿದು ಬಂದಳು, ಉದ್ದಣ್ಣ ಅಂಗಳದಲ್ಲಿ ಬಿಟ್ಟುಬಂದದ್ದು.

"ಏನಂತ ಕೂಗ್ದ ಇವನು?" ಕುಕ್ಕರಣ್ಣ ಕೇಳಿದ್ದು ಮಗಳನ್ನು. ಕಣ್ಣು ಬೇಡಪ್ಪನ ಮೇಲೆ.

ಬೇಡಪ್ಪ ಹುಡುಗಿಯ ಬಾಯಿಯನ್ನೇ ನೋಡಿದ.

"ತೆಗಿ ಅಂದ್ರು" ಅಂದಳು ಮಗಳು. "ನಂಗೆ ತೆಗಿ ಅಂತಲೇ ಕೇಳಿಸ್ತು ಅಪ್ಪ. ಆಯ್ತು ಅಂತ ಕೈ ಬೇರೆ ತೋರಿಸ್ದೆ."

"ಅಯ್ಯೋ, ಎಲ್ಲಾದ್ರೂ ಉಂಟೇನಮ್ಮಾ!" ಸೂಪರ್‌ವೈಸರಮ್ಮ ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದಳು. "ನಾನು ಹಿಂದೆ ಗೋಡೆ ಹತ್ರನೇ ನಿಂತಿದ್ದೆ. ತೆಗೀಬೇಡ ಅಂದ್ರು ಇವರು. ಮಗಳೇ ಅಂತಾನೂ ಅಂದ್ರು. ಅಳೋ ಹಾಗಿತ್ತು ದನಿ. ನನ್ನ ಎರಡು ಕಿವಿ ಆಣೆಗೂ."

ಕುಕ್ಕರಣ್ಣ ಅವಳನ್ನು ನೋಡಿದ, ಮಗಳನ್ನು ನೋಡಿದ. ಇಬ್ಬರೂ ಸುಳ್ಳು ಹೇಳುವವರಲ್ಲ. ಅವನ ಕೈ ತಾನಾಗಿಯೇ ಮೇಲೆ ಹೋಗಿ, ಕಿವಿ ಇದ್ದ ಜಾಗವನ್ನು ಸವರಿಕೊಂಡಿತು. ಬೇಡಪ್ಪ ಕಾಯುತ್ತಿದ್ದ. ಈಗ ಬರುತ್ತದೆ, "ಆಯ್ತು ಬಿಡು."

ಬರಲಿಲ್ಲ. "ಟೀ ಆರ್ತಾ ಇದೆ, ಬಾ" ಅಂದು ಕುಕ್ಕರಣ್ಣ ಹೊರಟ.

ಕಲ್ಲುಬೆಂಚಿನ ಹತ್ತಿರ ಬೇಡಪ್ಪ ತನ್ನ ಜಾಗಕ್ಕೆ ಹೋದರೆ ಅಲ್ಲಿ ಆಗಲೇ ಕುಕ್ಕರಣ್ಣ ಕೂತಿದ್ದ. ಎಡತುದಿಯಲ್ಲಿ. ಒಳ್ಳೆ ಕೆನ್ನೆ ಬೇಡಪ್ಪನ ಕಡೆಗೆ, ಬರುವ ಗಿರಾಕಿಗಳಿಗೆ ಮರೆಯಾಗುವ ಹಾಗೆ. ಬೇಡಪ್ಪ ಬಲಗಡೆ ಕೂತ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಗೆಳೆಯನ ಗಟ್ಟಿ ಕಿವಿ ಅವನ ಪಕ್ಕಕ್ಕೆ ಬಂದಿತ್ತು.

ಲೋಟ ಅರ್ಧ ಆದ ಮೇಲೆ ಕುಕ್ಕರಣ್ಣ ರಸ್ತೆ ನೋಡುತ್ತಲೇ ಕೇಳಿದ, "ಈಗ ಹೇಳು. ಅವತ್ತು ಬಣ್ಣದ ಗೋದಾಮಲ್ಲಿ ಏನಂದೆ?"

ಬೇಡಪ್ಪ ಲೋಟ ಕೆಳಗಿಟ್ಟ. ಗಂಟಲಲ್ಲಿ ಕೂತಿದ್ದ ಮುಳ್ಳು ಕಿತ್ತು ಬಂದು, ಅಂಗಡಿಯೊಳಗಿನ ಕುಕ್ಕರ್ ಮುಚ್ಚಳಗಳೆಲ್ಲ ಝಣ್ ಅನ್ನುವ ಹಾಗೆ ದನಿ ಹೊರಟಿತು.

"ತೆಗೀಬೇಡ ಅಂದೆ ಕಣೋ!"

ಕುಕ್ಕರಣ್ಣ ಕಿವಿಯೊಳಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡ. ಟೀ ಮುಗಿಸಿದ. ಲೋಟವನ್ನು ಬೆಂಚಿನ ಮೇಲೆ ಬೋರಲು ಹಾಕಿದ.

"ಕೇಳಿಸ್ತು" ಅಂದ. "ಅಷ್ಟು ಜೋರಾಗಿ ಕೂಗ್ಬೇಡ. ಇರೋದು ಒಂದೇ."